ಕರಿ ನೂಡಲ್ಸಿನ ಊರು ಯಾವುದು?

2011ರ ಆಗಸ್ಟ್ 31ರಂದು ದಕ್ಷಿಣ ಕೊರಿಯಾದ ರಾಷ್ಟ್ರೀಯ ಭಾಷಾ ಸಂಸ್ಥೆ 39 ಪದಗಳನ್ನು ಶಿಷ್ಟ ಭಾಷೆಯ ಪಟ್ಟಿಗೆ ಸೇರಿಸಿತು. ಇಂಥ ಪಟ್ಟಿಗಳನ್ನು ಸಾಮಾನ್ಯವಾಗಿ ನಿಘಂಟುಕಾರರು, ಮೇಷ್ಟ್ರುಗಳು ಬಿಟ್ಟರೆ ಬೇರೆ ಯಾರೂ ಓದುವುದಿಲ್ಲ. ಆದರೆ ಆ ಸಲ ಪಟ್ಟಿಯ ಒಂದು ಪದ ದೇಶಕ್ಕೆಲ್ಲ ಸುದ್ದಿಯಾಯಿತು. ಆ ಪದ ‘ಜ್ಜಾಜಾಂಗ್‌ಮ್ಯೊನ್’. ಕಪ್ಪು ಗೊಜ್ಜಿನಲ್ಲಿ ಕಲಸಿ ತಿನ್ನುವ ಒಂದು ನೂಡಲ್ಸಿನ ಹೆಸರು.

ಜಗಳ ಇದ್ದದ್ದು ಮೊದಲ ಅಕ್ಷರದ ಬಗ್ಗೆ. ಪರಭಾಷೆಯ ಪದಗಳನ್ನು ಹೇಗೆ ಬರೆಯಬೇಕು ಎಂದು 1986ರಲ್ಲಿ ಬಂದ ನಿಯಮದ ಪ್ರಕಾರ ಅದನ್ನು ಮೆತ್ತಗೆ ‘ಜಾಜಾಂಗ್‌ಮ್ಯೊನ್’ ಎಂದು ಬರೆಯಬೇಕಿತ್ತು. ಟಿವಿಯ ವಾರ್ತಾವಾಚಕರು ಇಪ್ಪತ್ತೈದು ವರ್ಷ ನಿಷ್ಠೆಯಿಂದ ಹಾಗೇ ಹೇಳಿದರು. ಜನ ಹೇಳಲಿಲ್ಲ. ಜನರ ಬಾಯಲ್ಲಿ ಅದು ಯಾವತ್ತೂ ಬಿಗಿಹಿಡಿದು ನುಡಿಯುವ ‘ಜ್ಜಾ’. ‘ಹೋಟ್ಲು’ ಎನ್ನುವವರಿಗೆ ‘ಹೋಟೆಲ್ ಎಂದೇ ಅನ್ನತಕ್ಕದ್ದು’ ಎಂದು ಸರ್ಕಾರ ಸುತ್ತೋಲೆ ಕಳಿಸಿದರೆ ಏನಾಗುತ್ತದೋ ಅಲ್ಲೂ ಅದೇ ಆಯಿತು. ಕೊನೆಗೆ ಸಂಸ್ಥೆ ಎರಡೂ ರೂಪ ಸರಿ ಎಂದು ಒಪ್ಪಿಕೊಂಡಿತು.

ಈ ತಮಾಷೆಯ ಒಳಗೆ ಒಂದು ಗಂಭೀರ ವಿಷಯವಿದೆ. ಶಾಲೆ ಮುಗಿಸಿದ ದಿನ, ಮನೆ ಬದಲಿಸಿದ ದಿನ ಕೊರಿಯನ್ನರು ತಪ್ಪದೆ ತಿನ್ನುತ್ತಿದ್ದ ತಿಂಡಿಗೆ ಅನ್ವಯವಾದದ್ದು ‘ಪರಭಾಷೆಯ ಪದ’ಗಳ ನಿಯಮ. ಯಾಕೆಂದರೆ ಹೆಸರು ಚೀನೀ ಭಾಷೆಯದು. ಅದನ್ನು ಕೊರಿಯಾದಲ್ಲಿ ಮೊದಲು ಬೇಯಿಸಿ ಮಾರಿದವರೂ ಚೀನಾದಿಂದ ಬಂದವರು. ಪದಕ್ಕೆ 2011ರಲ್ಲಿ ಪೌರತ್ವ ಸಿಕ್ಕಿತು ಎನ್ನಬಹುದು. ಬೇಯಿಸಿದವರ ಕತೆ ಅಷ್ಟು ಸುಲಭವಾಗಿ ಮುಗಿಯಲಿಲ್ಲ.

ಭಾರತದ ಊರುಗಳಲ್ಲಿ ಈಗ ಕೊರಿಯನ್ ಊಟ ಅಪರೂಪವಲ್ಲ. ಹ್ಯುಂಡೈ 1996ರಲ್ಲಿ ಭಾರತಕ್ಕೆ ಬಂದು ಶ್ರೀಪೆರಂಬುದೂರಿನ ಬಳಿ ಕಾರ್ಖಾನೆ ಕಟ್ಟಿದ ಮೇಲೆ ಚೆನ್ನೈಯಲ್ಲಿ ಕೊರಿಯನ್ ಕುಟುಂಬಗಳು ನೆಲೆಸಿದವು, ಅವರಿಗಾಗಿ ಊಟದ ಮನೆಗಳು ತೆರೆದವು. ದೆಹಲಿ ಸುತ್ತಿನ ಗುರುಗ್ರಾಮ, ನೋಯ್ಡಾಗಳಲ್ಲೂ ಪುಣೆಯಲ್ಲೂ ಆದದ್ದು ಹೆಚ್ಚುಕಡಿಮೆ ಇದೇ. ಅಲ್ಲಿಗೆ ಹೋಗುವ ನಮ್ಮವರು ‘ಅಸಲಿ ಕೊರಿಯನ್ ಊಟ’ ಹುಡುಕಿಕೊಂಡು ಹೋಗುತ್ತಾರೆ. ಕಿಮ್ಚಿ, ಬಿಬಿಂಬಾಪ್, ಮೇಜಿನ ಮೇಲೇ ಸುಡುವ ಮಾಂಸ ಮೊದಲು ಕಣ್ಣಿಗೆ ಬೀಳುತ್ತವೆ. ಮೆನುವಿನ ಒಂದು ಮೂಲೆಯಲ್ಲಿ ಜಾಜಾಂಗ್‌ಮ್ಯೊನ್ ಕೂಡ ಇರುವುದುಂಟು. ಪಕ್ಕದ ಮೇಜಿನ ಕೊರಿಯನ್ ಕುಟುಂಬದ ಮಕ್ಕಳು ಬಾಯಿಯ ಸುತ್ತ ಕಪ್ಪು ಮಾಡಿಕೊಂಡು ತಿನ್ನುತ್ತಿರುವುದು ಬಹಳ ಸಲ ಅದನ್ನೇ. ಆ ಬಟ್ಟಲು ಯಾವ ದೇಶದ್ದು ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಹೊರಟರೆ ನೂರನಲವತ್ತು ವರ್ಷ ಹಿಂದೆ ಹೋಗಬೇಕಾಗುತ್ತದೆ.

ಮರಳು ಬೆರೆಸಿದ ಅಕ್ಕಿ

ಕತೆ ಶುರುವಾಗುವುದು ನೂಡಲ್ಸಿನಿಂದಲ್ಲ, ಅಕ್ಕಿಯಿಂದ. ಆಗ ಕೊರಿಯಾವನ್ನು ಆಳುತ್ತಿದ್ದದ್ದು ಜೊಸೊನ್ ರಾಜಮನೆತನ. ಸೈನಿಕರಿಗೆ ಸಂಬಳವಾಗಿ ಅಕ್ಕಿ ಕೊಡುವ ಪದ್ಧತಿ. 1882ರ ಹೊತ್ತಿಗೆ ಹಳೆಯ ಪಡೆಗಳಿಗೆ ವರ್ಷಕ್ಕೂ ಹೆಚ್ಚು ಕಾಲದ ಅಕ್ಕಿ ಬಾಕಿ ಉಳಿದಿತ್ತು. ಜಪಾನಿನ ಅಧಿಕಾರಿಯಿಂದ ತರಬೇತಿ ಪಡೆದ ಹೊಸ ಪಡೆಗೆ ಮಾತ್ರ ಎಲ್ಲ ಸೌಲಭ್ಯ ಸಿಗುತ್ತಿತ್ತು. ಕೊನೆಗೊಮ್ಮೆ ಹಳಬರಿಗೆ ಒಂದು ತಿಂಗಳ ಅಕ್ಕಿ ಬಂದಾಗ ಚೀಲದಲ್ಲಿ ಮರಳು, ಹೊಟ್ಟು ಬೆರೆತಿತ್ತು. ಸೈನಿಕರು ದಂಗೆ ಎದ್ದರು. ಜಪಾನಿನ ರಾಯಭಾರ ಕಚೇರಿಗೆ ಬೆಂಕಿ ಬಿತ್ತು, ಅರಮನೆಯ ಒಳಕ್ಕೂ ಗಲಭೆ ನುಗ್ಗಿತು. ಇಮೋ ದಂಗೆ ಎಂದು ಇತಿಹಾಸದಲ್ಲಿ ಅದರ ಹೆಸರು.

ದಂಗೆ ಅಡಗಿಸಲು ಚೀನಾದ ಚಿಂಗ್ ಸಾಮ್ರಾಜ್ಯ ಸುಮಾರು 3,000 ಸೈನಿಕರನ್ನು ಕಳಿಸಿತು. ಸೈನ್ಯದ ಹಿಂದೆ ಅದಕ್ಕೆ ಸಾಮಾನು ಒದಗಿಸುವ ಕೆಲವು ಹತ್ತು ವ್ಯಾಪಾರಿಗಳೂ ಬಂದರು. ಅದೇ ವರ್ಷ ಆದ ವ್ಯಾಪಾರ ಒಪ್ಪಂದ ಚೀನೀಯರಿಗೆ ಕೊರಿಯಾದಲ್ಲಿ ಅಂಗಡಿ ಇಡುವ ದಾರಿ ತೆರೆಯಿತು. 1883ರಲ್ಲಿ ಇಂಚಿಯೋನ್ ಬಂದರು ಹೊರಗಿನವರಿಗೆ ತೆರೆದುಕೊಂಡಿತು, ಮರುವರ್ಷ ಅಲ್ಲಿ ಚೀನೀಯರಿಗಾಗಿ ಒಂದು ಕೇರಿಯನ್ನೇ ಬಿಟ್ಟುಕೊಡಲಾಯಿತು. ಸಮುದ್ರದ ಆಚೆ ದಡದಲ್ಲೇ ಚೀನಾದ ಶಾನ್‌ಡಾಂಗ್ ಪ್ರಾಂತ್ಯ. ಬರಗಾಲ, ಬಡತನಗಳಿಂದ ಬೇಸತ್ತ ಅಲ್ಲಿನ ಜನ ಹಡಗು ಹತ್ತಿ ಬಂದು ಬಂದರಿನಲ್ಲಿ ಮೂಟೆ ಹೊತ್ತರು, ತರಕಾರಿ ಬೆಳೆದರು, ಬಟ್ಟೆ ಮಾರಿದರು. ಕೊರಿಯಾದಲ್ಲಿ ನೆಲೆಸಿದ ಇವರಿಗೆ ‘ಹ್ವಾಗ್ಯೊ’ ಎಂಬ ಹೆಸರು ಬಿತ್ತು.

ಶಾನ್‌ಡಾಂಗ್, ಬೀಜಿಂಗ್ ಕಡೆ ‘ಝಾಜ್ಯಾಂಗ್‌ಮ್ಯೆನ್’ ಎಂಬ ಮನೆಯಡುಗೆ ಇದೆ. ‘ಝಾ’ ಎಂದರೆ ಹುರಿಯುವುದು, ‘ಜ್ಯಾಂಗ್’ ಎಂದರೆ ಹುಳಿ ಬರಿಸಿದ ಕಾಳು ಅಥವಾ ಹಿಟ್ಟಿನ ಗೊಜ್ಜು, ‘ಮ್ಯೆನ್’ ಎಂದರೆ ನೂಡಲ್ಸ್. ಬೇಯಿಸಿದ ನೂಡಲ್ಸಿನ ಮೇಲೆ ಹುರಿದ ಗೊಜ್ಜು ಒಂದಿಷ್ಟು, ಹೆಚ್ಚಿದ ಸೌತೆಕಾಯಿ ಒಂದಿಷ್ಟು. ಗೊಜ್ಜಿನ ಬಣ್ಣ ಕಂದು, ರುಚಿ ಗಟ್ಟಿ ಉಪ್ಪು. ಉಪ್ಪು ಜಾಸ್ತಿ ಇರುವುದರಿಂದಲೇ ಸ್ವಲ್ಪ ಹಾಕಿಕೊಂಡರೆ ಸಾಕು. ಬಂದರಿನ ಕೂಲಿಗಳಿಗೆ ಬೇಗ, ಅಗ್ಗವಾಗಿ ಹೊಟ್ಟೆ ತುಂಬಿಸಲು ಹೇಳಿಮಾಡಿಸಿದ ಊಟ. ಕೊರಿಯಾದ ಜಾಜಾಂಗ್‌ಮ್ಯೊನ್ ಹುಟ್ಟಿದ್ದು ಇದರಿಂದ, ತನ್ನ ಬಂದರಿನಲ್ಲೇ, ಎಂದು ಇಂಚಿಯೋನ್ ಇವತ್ತಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ.

ಆ ಹೆಮ್ಮೆಯ ನಡುವೆ ನಿಂತ ಕಟ್ಟಡ ‘ಗೊಂಗ್‌ಹ್ವಾಚುನ್’. ಶಾನ್‌ಡಾಂಗಿನಿಂದ ಬಂದವರೊಬ್ಬರು ಬೇರೆ ಹೆಸರಿನಲ್ಲಿ ನಡೆಸುತ್ತಿದ್ದ ಹೋಟೆಲು ಅದು. ಚೀನಾದಲ್ಲಿ ರಾಜಪ್ರಭುತ್ವ ಬಿದ್ದು 1912ರಲ್ಲಿ ಗಣರಾಜ್ಯ ಬಂದಾಗ ಮಾಲೀಕರು ಹೋಟೆಲಿಗೆ ‘ಗಣರಾಜ್ಯದ ವಸಂತ’ ಎಂಬ ಅರ್ಥದ ಈ ಹೊಸ ಹೆಸರಿಟ್ಟರು. ಪರದೇಶದಲ್ಲಿ ಅಡುಗೆ ಮಾಡುತ್ತಿದ್ದವರ ಕಿವಿ ಊರಿನ ಸುದ್ದಿಯ ಕಡೆಗೇ ಇತ್ತು ಎನ್ನುವುದಕ್ಕೆ ಈ ಹೆಸರೇ ಸಾಕ್ಷಿ. ಆದರೆ ಅದು ಕೂಲಿಗಳ ಹೋಟೆಲಲ್ಲ. ಆ ಕಾಲದಲ್ಲಿ ದೊಡ್ಡ ಚೀನೀ ಊಟದ ಮನೆಗಳೆಂದರೆ ಉಳ್ಳವರು ಮದುವೆ, ಸಭೆ, ಔತಣ ಇಟ್ಟುಕೊಳ್ಳುವ ಜಾಗ. ನೂಡಲ್ಸು ಅಲ್ಲಿನ ಸಣ್ಣ ತಿಂಡಿ.

ಒಂದು ಸುಳ್ಳು ಸುದ್ದಿ

ಆ ನೆಲೆ ಎಷ್ಟು ಸಡಿಲವಾಗಿತ್ತು ಎಂಬುದು 1931ರ ಜುಲೈಯಲ್ಲಿ ಗೊತ್ತಾಯಿತು. ಆಗ ಕೊರಿಯಾ ಜಪಾನಿನ ಆಳ್ವಿಕೆಯಲ್ಲಿತ್ತು. ಗಡಿಯಾಚೆ ಮಂಚೂರಿಯಾದ ವಾನ್‌ಪಾವ್‌ಶಾನ್ ಎಂಬ ಹಳ್ಳಿಯಲ್ಲಿ ವಲಸೆ ಹೋಗಿದ್ದ ಕೊರಿಯನ್ ರೈತರಿಗೂ ಚೀನೀ ರೈತರಿಗೂ ನೀರಿನ ಕಾಲುವೆಯ ವಿಷಯಕ್ಕೆ ತಕರಾರಾಯಿತು. ಕೊರಿಯನ್ನರು ಯಾರೂ ಸಾಯಲಿಲ್ಲ. ಆದರೆ ಕೊರಿಯಾದ ಪತ್ರಿಕೆಯೊಂದರಲ್ಲಿ ನಮ್ಮವರನ್ನು ಚೀನೀಯರು ಕೊಂದರು ಎಂಬ ಸುದ್ದಿ ಬಂತು. ಇಂಚಿಯೋನಿನಲ್ಲಿ ಶುರುವಾದ ಗಲಭೆ ಸೋಲ್, ಪ್ಯೊಂಗ್‌ಯಾಂಗ್‌ಗಳಿಗೆ ಹಬ್ಬಿತು. ಕೆಲವೇ ದಿನಗಳಲ್ಲಿ ನೂರಕ್ಕೂ ಹೆಚ್ಚು ಚೀನೀಯರ ಹತ್ಯೆಯಾಯಿತು. ಅಂಗಡಿಗಳು ಲೂಟಿಯಾದವು. ಸಾವಿರಾರು ಜನ ಬಂದ ಹಡಗಿನಲ್ಲೇ ಊರಿಗೆ ಮರಳಿದರು.

ಉಳಿದವರಿಗೆ ಮುಂದಿನ ಹೊಡೆತ ಬಿದ್ದದ್ದು ರಾಜಕೀಯದಿಂದ. 1949ರಲ್ಲಿ ಚೀನಾ ಕಮ್ಯುನಿಸ್ಟ್ ದೇಶವಾಯಿತು. 1950ರಿಂದ ಮೂರು ವರ್ಷ ನಡೆದ ಕೊರಿಯಾ ಯುದ್ಧದಲ್ಲಿ ಅದು ಉತ್ತರದ ಪರ ಕಾದಿತು. ದಕ್ಷಿಣ ಕೊರಿಯಾಕ್ಕೂ ಚೀನಾಕ್ಕೂ ನಡುವಿನ ಸಮುದ್ರ ಮುಚ್ಚಿಹೋಯಿತು. ಶಾನ್‌ಡಾಂಗಿನಲ್ಲಿ ಹುಟ್ಟಿದವರ ಕೈಗೆ ತಾವು ಕಾಲಿಟ್ಟೇ ಇರದ ತೈವಾನಿನ ಪಾಸ್‌ಪೋರ್ಟು ಬಂತು. ಊರಿನಿಂದ ಸರಕು ತರಿಸಿ ಮಾರುತ್ತಿದ್ದ ವ್ಯಾಪಾರಿಗಳ ದಂಧೆ ನಿಂತಿತು. ಕೈಯಲ್ಲಿ ಉಳಿದದ್ದು ಅಡುಗೆ. ಒಲೆ, ಬಾಣಲೆ, ನಾಲ್ಕು ಮೇಜು ಇದ್ದರೆ ಶುರುಮಾಡಬಹುದಾದ ಕೆಲಸ. 1950ರ ದಶಕದಲ್ಲಿ ಕೊರಿಯಾದ ಊರೂರಿನಲ್ಲಿ ಚೀನೀ ಹೋಟೆಲು ಕಾಣಿಸಿಕೊಂಡದ್ದಕ್ಕೆ ಜನರ ಬಾಯಿರುಚಿ ಒಂದು ಕಾರಣವಾದರೆ, ಉಳಿದ ಬಾಗಿಲುಗಳು ಮುಚ್ಚಿದ್ದು ಇನ್ನೊಂದು ಕಾರಣ.

ಗೊಜ್ಜು ಕಪ್ಪಾದದ್ದೂ ಈ ಸುಮಾರಿಗೇ. ಚೀನೀ ಮೂಲದವರೊಬ್ಬರು 1948ರಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಸಿಂಹದ ಗುರುತಿನ ಗೊಜ್ಜು ಮಾರುಕಟ್ಟೆಗೆ ಬಂತು. ಕೊರಿಯನ್ನರ ನಾಲಿಗೆಗೆ ಹೊಂದಲಿ ಎಂದು ಅದಕ್ಕೆ ಕ್ಯಾರಮೆಲ್, ಅಂದರೆ ಕಪ್ಪಾಗುವಷ್ಟು ಕಾಯಿಸಿದ ಸಕ್ಕರೆ, ಬೆರೆಸಿದರು. ಉಪ್ಪು ಹಿಂದೆ ಸರಿದು ಸಿಹಿ ಮುಂದೆ ಬಂತು. ಅಡುಗೆಯವರು ಅದಕ್ಕೆ ಧಾರಾಳವಾಗಿ ಈರುಳ್ಳಿ, ಹಂದಿಮಾಂಸದ ಸಣ್ಣ ತುಂಡು ಸೇರಿಸಿ, ನೀರು ಹೊಯ್ದು, ಗಂಜಿಪುಡಿ ಕಲಕಿ ಮಂದ ಮಾಡಿದರು. ಮೂಲದಲ್ಲಿ ಒಂದು ಚಮಚ ಇದ್ದ ಗೊಜ್ಜು ಇಲ್ಲಿ ನೂಡಲ್ಸನ್ನೇ ಮುಳುಗಿಸಿತು. ಪಕ್ಕಕ್ಕೆ ಹಸಿ ಈರುಳ್ಳಿ, ಜೊತೆಗೆ ಹಳದಿ ಬಣ್ಣದ ಮೂಲಂಗಿ ಉಪ್ಪಿನಕಾಯಿ. ಆ ಮೂಲಂಗಿ ಜಪಾನಿನಿಂದ ಬಂದದ್ದು. ಒಂದು ತಟ್ಟೆಯ ಸುತ್ತ ಮೂರು ದೇಶ ಕೂತಿದ್ದವು, ಆ ಮೂರೂ ದೇಶಗಳ ನಡುವೆ ಆಗ ಮಾತುಕತೆ ಸರಿ ಇರಲಿಲ್ಲ.

ಅಕ್ಕಿ ಇಲ್ಲದ ಬುಧವಾರ

ಸಣ್ಣ ತಿಂಡಿಯಾಗಿದ್ದದ್ದು ರಾಷ್ಟ್ರದ ಊಟವಾಗಲು ಇನ್ನೊಂದು ಸಾಮಗ್ರಿ ಬೇಕಿತ್ತು: ಗೋಧಿಹಿಟ್ಟು. ಅದು ಬಂದದ್ದು ಅಮೆರಿಕದಿಂದ. ಅಲ್ಲಿ ಬೆಳೆದು ಮಿಕ್ಕ ಧಾನ್ಯವನ್ನು ಹೊರದೇಶಗಳಿಗೆ ಕೊಡುವ ಪಿಎಲ್ 480 ಎಂಬ ಕಾನೂನು 1954ರಲ್ಲಿ ಜಾರಿಗೆ ಬಂತು. 1955ರಲ್ಲಿ ದಕ್ಷಿಣ ಕೊರಿಯಾ, 1956ರಲ್ಲಿ ಭಾರತ ಅದರಡಿ ಒಪ್ಪಂದ ಮಾಡಿಕೊಂಡವು. ರೇಷನ್ ಅಂಗಡಿಯ ಅಮೆರಿಕನ್ ಗೋಧಿಯ ನೆನಪು ನಮ್ಮ ಹಿರಿಯರಲ್ಲಿ ಇನ್ನೂ ಇದೆ. 1965ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತು ಊಟ ಬಿಡಿ ಎಂದು ದೇಶವನ್ನು ಕೇಳಿಕೊಂಡರು.

ಕೊರಿಯಾದಲ್ಲಿ ಕೇಳಿಕೊಳ್ಳಲಿಲ್ಲ, ಆಜ್ಞೆ ಮಾಡಿದರು. ಪಾರ್ಕ್ ಚುಂಗ್ ಹೀ ಅವರ ಸೈನಿಕ ಹಿನ್ನೆಲೆಯ ಸರ್ಕಾರ ಅಕ್ಕಿ ಉಳಿಸಲು ಮಿಶ್ರಧಾನ್ಯ ಮತ್ತು ಹಿಟ್ಟಿನ ತಿಂಡಿಗಳ ಆಂದೋಲನ ನಡೆಸಿತು. 1969ರಿಂದ ಪ್ರತಿ ಬುಧವಾರ, ಶನಿವಾರ ಹಗಲು ಹೊತ್ತು ಹೋಟೆಲುಗಳಲ್ಲಿ ಅನ್ನ ಮಾರುವಂತಿರಲಿಲ್ಲ. ಶಾಲೆಯಲ್ಲಿ ಮೇಷ್ಟ್ರು ಮಕ್ಕಳ ಬುತ್ತಿ ತೆರೆಸಿ ಅನ್ನದಲ್ಲಿ ಬಾರ್ಲಿ ಬೆರೆತಿದೆಯೇ ಎಂದು ನೋಡುತ್ತಿದ್ದರು. ಹಿಟ್ಟು ತಿಂದರೆ ಮೈ ಗಟ್ಟಿಯಾಗುತ್ತದೆ ಎಂಬ ಪ್ರಚಾರ ಜೋರಾಗಿ ನಡೆಯಿತು. ಅನ್ನವೇ ಊಟ ಎಂದುಕೊಂಡಿದ್ದ ಸಮಾಜಕ್ಕೆ, ನಮ್ಮ ಕರಾವಳಿಯ ಮನೆಗೆ ಅನ್ನ ಬಿಡಿ ಎಂದರೆ ಆಗುವಂಥ ಸಂಕಟ. ಆ ಸಂಕಟದಲ್ಲಿ ಅಗ್ಗವಾಗಿ, ಬಿಸಿಯಾಗಿ, ಹೊಟ್ಟೆ ತುಂಬುವಂತೆ ಸಿಕ್ಕಿದ್ದು ಚೀನೀ ಹೋಟೆಲಿನ ಕರಿ ನೂಡಲ್ಸು.

ಕಾರ್ಖಾನೆಗಳು ಹಗಲು ರಾತ್ರಿ ಓಡುತ್ತಿದ್ದ ಕಾಲ. ಊಟಕ್ಕೆ ಹೊರಗೆ ಹೋಗಲು ಪುರುಸೊತ್ತಿಲ್ಲದವರ ಬಳಿಗೆ ಊಟವೇ ಬಂತು. ‘ಚೊಲ್‌ಗಾಬಾಂಗ್’ ಎಂಬ ಲೋಹದ ಪೆಟ್ಟಿಗೆ ಹಿಡಿದು ಸೈಕಲ್ಲಿನಲ್ಲಿ, ಆಮೇಲೆ ಮೋಟರ್‌ಸೈಕಲ್ಲಿನಲ್ಲಿ ಹುಡುಗರು ಬರುತ್ತಿದ್ದರು. ತಿಂದ ಬಟ್ಟಲನ್ನು ಬಾಗಿಲ ಹೊರಗಿಟ್ಟರೆ ಅವರೇ ಬಂದು ಒಯ್ಯುತ್ತಿದ್ದರು. ಮುಂಬೈಯ ಡಬ್ಬಾವಾಲರನ್ನು ಕಂಡವರಿಗೆ ಈ ಏರ್ಪಾಡು ಬಿಡಿಸಿ ಹೇಳಬೇಕಿಲ್ಲ. ಜಾಜಾಂಗ್‌ಮ್ಯೊನಿನ ಬೆಲೆಯ ಮೇಲೆ ಸರ್ಕಾರದ ಹಿಡಿತವಿತ್ತು. ಬೆಲೆ ಏರಿಕೆ ಅಳೆಯುವ ವಸ್ತುಗಳ ಪಟ್ಟಿಯಲ್ಲಿ ಅದು ಈಗಲೂ ಇದೆ. ಬಡ ತಂದೆತಾಯಿಗೆ ವರ್ಷಕ್ಕೊಂದೆರಡು ಸಲ ಮಕ್ಕಳನ್ನು ಹೋಟೆಲಿಗೆ ಕರೆದೊಯ್ಯಲು ಎಟುಕುತ್ತಿದ್ದ ಊಟ ಅದೊಂದೇ. ಈಗ ಐವತ್ತು, ಅರವತ್ತು ದಾಟಿದ ಕೊರಿಯನ್ನರು ಆ ಹೆಸರು ಕೇಳಿದರೆ ಮೆತ್ತಗಾಗುವುದು ರುಚಿಗಿಂತ ಹೆಚ್ಚಾಗಿ ಈ ನೆನಪಿಗೆ.

ಗಲ್ಲಾದ ಯಜಮಾನ

ಊಟ ಹೀಗೆ ಮನೆಮಾತಾಗುತ್ತಿದ್ದ ವರ್ಷಗಳಲ್ಲೇ ಅಡುಗೆಯವರ ಮೇಲೆ ಕಾನೂನು ಬಿಗಿಯಾಗುತ್ತ ಹೋಯಿತು. 1961ರಲ್ಲಿ ವಿದೇಶಿಯರ ಭೂಮಿ ಹಕ್ಕಿನ ಮೇಲೆ ಕಾನೂನು ಬಂತು. ಆ ದಶಕ ಮುಗಿಯುವಷ್ಟರಲ್ಲಿ ಅದು ಇನ್ನೂ ಕಟ್ಟುನಿಟ್ಟಾಯಿತು. ಒಂದು ವಿದೇಶಿ ಕುಟುಂಬ ಇಟ್ಟುಕೊಳ್ಳಬಹುದಾದದ್ದು 200 ಪ್ಯೊಂಗ್, ಅಂದರೆ ಸುಮಾರು 660 ಚದರ ಮೀಟರ್ ಜಾಗದ ಒಂದು ಮನೆ, 50 ಪ್ಯೊಂಗ್ ಜಾಗದ ಒಂದು ಅಂಗಡಿ. ನಾಲ್ಕು ಮೇಜಿನ ಹೋಟೆಲು ನಾಲ್ಕು ಮೇಜಿನದಾಗಿಯೇ ಉಳಿಯಬೇಕು ಎಂದಂತಾಯಿತು. ವ್ಯವಸಾಯದ ನೆಲ ಕೊಳ್ಳುವ ಹಾದಿಯಂತೂ ಇಲ್ಲ. ಸೋಲ್ ನಗರದ ನಡುವೆ, ಸೋಗೊಂಗ್ ಎಂಬಲ್ಲಿದ್ದ ಚೀನೀ ಕೇರಿ 1970ರ ದಶಕದ ಆರಂಭದಲ್ಲಿ ನಗರ ಸುಧಾರಣೆಯ ಹೆಸರಿನಲ್ಲಿ ಖಾಲಿಯಾಯಿತು. ಅದರ ಜಾಗದಲ್ಲಿ ಈಗ ದೊಡ್ಡ ಹೋಟೆಲು ನಿಂತಿದೆ.

ಪೌರತ್ವ ತಂದೆಯ ಕಡೆಯಿಂದ ಮಾತ್ರ ಬರುತ್ತಿತ್ತು. ಹ್ವಾಗ್ಯೊ ಗಂಡಸರು ಕೊರಿಯನ್ ಹೆಂಗಸರನ್ನು ಮದುವೆಯಾದದ್ದು ಬಹಳ. ಅವರ ಮಕ್ಕಳು ಕೊರಿಯಾದಲ್ಲೇ ಹುಟ್ಟಿ, ತಾಯಿಯಿಂದ ಕೊರಿಯನ್ ಕಲಿತು, ಕಾಗದದಲ್ಲಿ ಮಾತ್ರ ವಿದೇಶಿಯರಾಗಿ ಬೆಳೆದರು. ಅವರ ಕೈಯ ತೈವಾನ್ ಪಾಸ್‌ಪೋರ್ಟು ತೈವಾನಿನಲ್ಲಿ ನೆಲೆಸುವ ಪೂರ್ತಿ ಹಕ್ಕನ್ನೂ ಕೊಡುತ್ತಿರಲಿಲ್ಲ. ಹುಟ್ಟಿದ ಊರು ವಿದೇಶಿ ಅನ್ನುತ್ತಿತ್ತು. ಪಾಸ್‌ಪೋರ್ಟಿನ ದೇಶ ಹೊರಗಿನವರು ಅನ್ನುತ್ತಿತ್ತು. ಅಜ್ಜನ ಊರಿಗೆ ಹೋಗುವ ದಾರಿಯೇ ಇರಲಿಲ್ಲ.

ಬೀದಿಯ ಭಾಷೆ ಕಾನೂನಿಗಿಂತ ಮೃದುವಾಗಿರಲಿಲ್ಲ. ಅಂಗಡಿಯ ಲೆಕ್ಕ ನೋಡಿಕೊಳ್ಳುವ ಹಿರಿಯರಿಗೆ ಚೀನೀ ಭಾಷೆಯಲ್ಲಿ ‘ಜಾಂಗ್‌ಗ್ವೇ’ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಗಲ್ಲಾದ ಮೇಲೆ ಕೂತ ಯಜಮಾನರು. ಹೋಟೆಲಿನಲ್ಲಿ ಕೆಲಸದವರು ಗೌರವದಿಂದ ಕೂಗುತ್ತಿದ್ದ ಈ ಪದ ಕೊರಿಯನ್ನರ ಬಾಯಲ್ಲಿ ‘ಜ್ಜಾಂಗ್‌ಕ್ಕೆ’ ಎಂದಾಗಿ ಚೀನೀಯರೆಲ್ಲರಿಗೂ ಅನ್ವಯಿಸುವ ಬೈಗುಳವಾಯಿತು. ವಿಚಿತ್ರವೆಂದರೆ ಅದೇ ಪದ ಕರಿ ನೂಡಲ್ಸಿಗೂ ಪೋಲಿ ಹೆಸರಾಗಿ ಅಂಟಿಕೊಂಡಿತು. ಬಾಯಿ ಚಪ್ಪರಿಸುವುದಕ್ಕೂ ಬೈಯುವುದಕ್ಕೂ ಒಂದೇ ಪದ. 2011ರ ಪಟ್ಟಿಯಲ್ಲಿ ಅದು ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಆದರೆ ಈ ಇತಿಹಾಸವನ್ನು ಅಷ್ಟು ಚಿಕ್ಕದಾಗಿ ಹೇಳುವ ಪದ ಇನ್ನೊಂದಿಲ್ಲ.

1970ರ ದಶಕದ ಆರಂಭದಲ್ಲಿ ಮೂವತ್ತು ಸಾವಿರ ದಾಟಿದ್ದ ಹ್ವಾಗ್ಯೊ ಸಮುದಾಯ 1990ರ ದಶಕದ ಹೊತ್ತಿಗೆ ಇಪ್ಪತ್ತು ಸಾವಿರದ ಆಸುಪಾಸಿಗೆ ಇಳಿಯಿತು. ಹೋದವರು ತೈವಾನಿಗೆ, ಅಮೆರಿಕಕ್ಕೆ, ಆಸ್ಟ್ರೇಲಿಯಾಕ್ಕೆ ಹೋದರು. ಅವರು ಬಿಟ್ಟ ಒಲೆಗಳನ್ನು ಅಲ್ಲೇ ಪಾತ್ರೆ ತೊಳೆದು ಕೆಲಸ ಕಲಿತ ಕೊರಿಯನ್ ಅಡುಗೆಯವರು ಹಚ್ಚಿದರು. ಗೊಂಗ್‌ಹ್ವಾಚುನ್ ಕೂಡ 1980ರ ದಶಕದಲ್ಲಿ ಬಾಗಿಲು ಹಾಕಿತು. ಸರಿಸುಮಾರು ಅದೇ ಹೊತ್ತಿಗೆ, 1984ರಲ್ಲಿ, ‘ಚಾಪಾಗೆಟಿ’ ಎಂಬ ಹೆಸರಿನಲ್ಲಿ ಪೊಟ್ಟಣದ ಜಾಜಾಂಗ್‌ಮ್ಯೊನ್ ಬಂದು ಮನೆಮನೆಯ ಅಡುಗೆಕೋಣೆ ಸೇರಿತು. 2019ರ ‘ಪ್ಯಾರಸೈಟ್’ ಸಿನಿಮಾದಲ್ಲಿ ಶ್ರೀಮಂತರ ಮನೆಯವರು ದುಬಾರಿ ದನದ ಮಾಂಸ ಹಾಕಿ ಮಾಡಿಸಿಕೊಳ್ಳುವ ನೂಡಲ್ಸಿನ ಅರ್ಧ ಪಾಲು ಇದೇ ಪೊಟ್ಟಣದ್ದು.

ನಮ್ಮ ಮಂಚೂರಿ

ಭಾರತದ ಓದುಗರಿಗೆ ಈ ಕತೆ ಪೂರ್ತಿ ಹೊಸದೆನಿಸಬಾರದು. ಕಲ್ಕತ್ತೆಯಲ್ಲಿ ಚೀನೀಯರು ನೆಲೆಸಿದ್ದು ಹದಿನೆಂಟನೆಯ ಶತಮಾನದ ಕೊನೆಯಿಂದ. ಟಾಂಗ್ರಾದಲ್ಲಿ ಹಕ್ಕಾ ಜನ ಚರ್ಮ ಹದಮಾಡಿದರು, ಊಟದ ಮನೆ ನಡೆಸಿದರು. 1962ರ ಯುದ್ಧ ಬಂದಾಗ ಚೀನೀ ಮೂಲದ ಸುಮಾರು ಮೂರು ಸಾವಿರ ಜನರನ್ನು, ಇಲ್ಲೇ ಹುಟ್ಟಿದ ಹೆಂಗಸರು ಮಕ್ಕಳನ್ನೂ ಸೇರಿಸಿ, ರೈಲು ಹತ್ತಿಸಿ ರಾಜಸ್ಥಾನದ ದೇವಲಿಯ ಶಿಬಿರದಲ್ಲಿ ಕೂಡಿಹಾಕಲಾಯಿತು. ಕೆಲವರು ಅಲ್ಲಿ ವರ್ಷಗಟ್ಟಲೆ ಇದ್ದರು. ಬಿಡುಗಡೆಯಾಗಿ ಬಂದಾಗ ಎಷ್ಟೋ ಜನರ ಮನೆ, ಅಂಗಡಿ ಬೇರೆಯವರ ಕೈಸೇರಿತ್ತು. ಬಹಳ ಮಂದಿ ಕೆನಡಾ ಕಡೆ ಹೊರಟುಹೋದರು.

1975ರಲ್ಲಿ ಮುಂಬೈಯ ಕ್ರಿಕೆಟ್ ಕ್ಲಬ್ಬಿನ ಅಡುಗೆಮನೆಯಲ್ಲಿ ಕಲ್ಕತ್ತೆ ಮೂಲದ ನೆಲ್ಸನ್ ವಾಂಗ್ ಚಿಕನ್ ಮಂಚೂರಿಯನ್ ಮಾಡಿದರು ಎನ್ನುವುದು ಪ್ರಸಿದ್ಧ ಕತೆ. ಕೋಳಿಯ ಜಾಗಕ್ಕೆ ಹೂಕೋಸು ಬಂದು ಅದು ಗೋಬಿ ಮಂಚೂರಿಯಾಯಿತು. ಕರ್ನಾಟಕದಲ್ಲಿ ಸಂಜೆ ಗಾಡಿ ನಿಲ್ಲದ ಬೀದಿ ಇಲ್ಲ, ಜಾತ್ರೆ ಇಲ್ಲ. 2024ರಲ್ಲಿ ಅದರ ಕೃತಕ ಬಣ್ಣವನ್ನು ರಾಜ್ಯ ಸರ್ಕಾರ ನಿಷೇಧಿಸಿದಾಗ ಪತ್ರಿಕೆಗಳ ಮುಖಪುಟಕ್ಕೆ ಬರುವಷ್ಟು ಅದು ನಮ್ಮದಾಗಿದೆ. ಮಂಚೂರಿಯಾಕ್ಕೂ ಅದಕ್ಕೂ ಸಂಬಂಧವಿಲ್ಲ. ಮಂಚೂರಿಯಾದ ಒಂದು ಕಾಲುವೆಯ ಜಗಳ ಇಂಚಿಯೋನಿನ ಹೋಟೆಲಿನವರ ಮನೆ ಸುಟ್ಟದ್ದನ್ನು ಓದಿದ ಮೇಲೆ ಆ ಹೆಸರು ಸ್ವಲ್ಪ ಬೇರೆಯಾಗಿ ಕೇಳಿಸುತ್ತದೆ, ಅಷ್ಟೇ.

ಅಸಲಿ ಊಟ ಎನ್ನುವಾಗ ನಾವು ಸಾಮಾನ್ಯವಾಗಿ ಹಳೆಯದನ್ನು, ಬದಲಾಗದ್ದನ್ನು, ಒಂದೇ ನೆಲದ್ದನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತೇವೆ. ಆ ಅಳತೆಯಲ್ಲಿ ಜಾಜಾಂಗ್‌ಮ್ಯೊನ್ ನಪಾಸಾಗುತ್ತದೆ. ಬೀಜಿಂಗಿನವರು ಅದನ್ನು ತಮ್ಮದೆನ್ನುವುದಿಲ್ಲ, ಅರಮನೆಯ ಅಡುಗೆ ಪುಸ್ತಕದಲ್ಲಿ ಅದು ಇಲ್ಲ. ಆದರೆ ಕೊರಿಯಾದ ಇಪ್ಪತ್ತನೆಯ ಶತಮಾನ, ಅದರ ಹಸಿವು, ಯುದ್ಧ, ಕಾರ್ಖಾನೆ, ಅವಸರ ಎಲ್ಲ ಆ ಬಟ್ಟಲಿನಲ್ಲಿರುವಷ್ಟು ಬೇರೆಲ್ಲೂ ಇಲ್ಲ. ಅದರಲ್ಲಿ ಅನ್ಯಾಯದ ಪಾಲೂ ಇದೆ. ಅದನ್ನು ಬಿಟ್ಟು ರುಚಿಯನ್ನಷ್ಟೇ ಅಸಲಿ ಎನ್ನಲಾಗದು.

ಕಾನೂನು ನಿಧಾನವಾಗಿ ಸಡಿಲವಾಯಿತು. 1997ರ ಆರ್ಥಿಕ ಕುಸಿತದ ಮರುವರ್ಷ ವಿದೇಶಿ ಹಣ ಬೇಕಾದಾಗ ಭೂಮಿಯ ಮೇಲಿನ ನಿರ್ಬಂಧ ಹೋಯಿತು. ತಾಯಿಯ ಕಡೆಯಿಂದಲೂ ಪೌರತ್ವ ಸಿಗುವಂತಾದದ್ದು ಅದೇ 1998ರಲ್ಲಿ. 2002ರಲ್ಲಿ ಕಾಯಂ ವಾಸದ ಪರವಾನಗಿ ಬಂತು. 2006ರ ಸ್ಥಳೀಯ ಚುನಾವಣೆಯಲ್ಲಿ ಕಾಯಂ ವಾಸಿಗಳು ಮೊದಲ ಸಲ ಮತ ಹಾಕಿದರು. ಇಮೋ ದಂಗೆಯಾಗಿ ಆ ಹೊತ್ತಿಗೆ 124 ವರ್ಷ. 2012ರಲ್ಲಿ ಗೊಂಗ್‌ಹ್ವಾಚುನ್‌ನ ಹಳೆಯ ಕಟ್ಟಡ ಜಾಜಾಂಗ್‌ಮ್ಯೊನ್ ಮ್ಯೂಸಿಯಂ ಆಯಿತು. ಅಲ್ಲಿ ಹಳೆಯ ಅಡುಗೆಮನೆಯ ಮಾದರಿ ಇದೆ, ಊಟ ಹೊತ್ತು ತರುತ್ತಿದ್ದ ಲೋಹದ ಪೆಟ್ಟಿಗೆಗಳಿವೆ.

ಹೊರಟುಹೋದವರಲ್ಲಿ ಕೆಲವರು ಲಾಸ್ ಏಂಜಲಿಸ್‌ನ ಕೊರಿಯನ್ ಕೇರಿಯಲ್ಲಿ ಹೋಟೆಲು ತೆರೆದರು. ಚೀನೀಯರ ಕೇರಿಯಲ್ಲಲ್ಲ. ಅಲ್ಲಿ ಫಲಕ ಕೊರಿಯನ್ ಲಿಪಿಯಲ್ಲಿರುತ್ತದೆ, ಗಿರಾಕಿಗಳು ಕೊರಿಯಾದಿಂದ ವಲಸೆ ಬಂದವರು, ಊಟದ ಜೊತೆ ಹಳದಿ ಮೂಲಂಗಿ ತಪ್ಪುವುದಿಲ್ಲ. ತಮ್ಮನ್ನು ಎಂದೂ ಕೊರಿಯನ್ನರೆಂದು ಲೆಕ್ಕಕ್ಕೆ ಹಿಡಿಯದ ದೇಶದ ರುಚಿಯನ್ನು ಅವರು ಆ ದೇಶದವರಿಗೇ ಬಡಿಸಿದರು. ಊರು ನೆನಪಾದಾಗ ಕೊರಿಯನ್ನರು ಅವರ ಬಾಗಿಲಿಗೇ ಬಂದರು.